ಕೊಸರು

ಇಪ್ಪತ್ತೆರಡನೆಯ ರೋಲೊ ಹಿಂದಲೆಯಲ್ಲಿ ನಿಲ್ಲಲಿಲ್ಲ. ಮೂರು ಸಲ ಜಾರಿ ಬಚ್ಚಲಿನ ನೆಲಕ್ಕೆ ಬಿತ್ತು. ನಾಲ್ಕನೆಯ ಸಲ ನೆರೈದಾ ಎರಡು ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಕಿಟಕಿಯ ಮೊಳೆಗೆ ತೂಗುಹಾಕಿದ್ದ ಪುಟ್ಟ ಕನ್ನಡಿಯಲ್ಲಿ ತನ್ನ ಕತ್ತನ್ನು ಹುಡುಕಿದಳು. ಎರಡು ಕನ್ನಡಿಗಳು ಸೇರಿ ಅವಳ ಕೈಯನ್ನು ಅವಳಿಗೇ ಪರಕೀಯ ಮಾಡಿದ್ದವು. ಮೇಲೆ ಅಂದುಕೊಂಡದ್ದು ಕೆಳಕ್ಕೆ ಹೋಗುತ್ತಿತ್ತು, ಒಳಕ್ಕೆ ಅಂದುಕೊಂಡದ್ದು ಹೊರಕ್ಕೆ. ಒದ್ದೆ ಕೂದಲಿನ ಎಳೆ ಎಳೆಯನ್ನೂ ರೋಲೊ ಎನ್ನುವ ಪ್ಲಾಸ್ಟಿಕ್ಕಿನ ಆ ಹಸಿರು ಸುರುಳಿಗೆ ಸುತ್ತಿ, ಬಿಗಿದು, ಪಿನ್ನು ಚುಚ್ಚಿ ಒಣಗಿಸಿದರೆ ಗುಂಗುರು ಕೂದಲು ರೇಷ್ಮೆಯ ಹಾಗೆ ನೇರ ಇಳಿಯುತ್ತದೆ ಎನ್ನುವುದು ಬಾನಿ ಊರಿನ ಯಾವ ಹೆಣ್ಣಿಗೆ ಗೊತ್ತಿಲ್ಲ? ಆದರೆ ಗೊತ್ತಿರುವುದು ತಲೆಗೆ, ಕೈಗಲ್ಲ. ಹತ್ತೊಂಬತ್ತು ವರ್ಷ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಫಿಯೋರ್‌ಳ ಪಾರ್ಲರಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ತಲೆ ಕೊಟ್ಟವಳು ನೆರೈದಾ. ಈಗ ಕೈ ಕೊಟ್ಟಿದ್ದಳು. ಅದೂ ಫಿಯೋರ್‌ಳದೇ ರೋಲೊಗಳಿಂದ. ಹನ್ನೆರಡು ವರ್ಷದ ಹಿಂದೆ ಅವಳು ಗುಲಾಬಿ ಬಣ್ಣದ ಹೊಸ ಸೆಟ್ ತಂದಾಗ, ಹಲ್ಲು ಮುರಿದ ಈ ಹಸಿರಿನವನ್ನು ಕಸದ ಬುಟ್ಟಿಗೆ ಹಾಕಲು ಹೋಗಿದ್ದಳು. ತಡಿ ತಡಿ, ಮಗಳ ಗೊಂಬೆಗಳಿಗೆ ಆಗುತ್ತೆ ಎಂದು ನೆರೈದಾ ಬಾಚಿಕೊಂಡು ಬಂದಿದ್ದಳು. ಗೊಂಬೆಗಳು ಹೋದವು, ಮಗಳೂ ರಾಜಧಾನಿಯಲ್ಲಿ ನರ್ಸಿಂಗ್ ಓದಲು ಚಿಕ್ಕಮ್ಮನ ಮನೆ ಸೇರಿದಳು. ರೋಲೊಗಳು ಮಾತ್ರ ಬಿಸ್ಕತ್ತಿನ ಡಬ್ಬದಲ್ಲಿ ಕೂತು ಇಂಥದೊಂದು ದ್ರೋಹಕ್ಕೆ ಕಾದಿದ್ದವು.

ನಾಲ್ಕನೆಯ ಶನಿವಾರ ಇದು. ಮೊದಲನೆಯದಕ್ಕೆ ಜ್ವರ ಎಂದು ಹೇಳಿ ಕಳಿಸಿದ್ದಳು. ಎರಡನೆಯದಕ್ಕೆ ರಾಜಧಾನಿಗೆ, ತಂಗಿಯ ಮನೆಗೆ. ಮೂರನೆಯದಕ್ಕೆ ಸುಳ್ಳು ಹುಟ್ಟಲಿಲ್ಲ, ಫೋನನ್ನು ದಿಂಬಿನ ಕೆಳಗಿಟ್ಟು ಸುಮ್ಮನೆ ಮಲಗಿದ್ದಳು. ಏನಾಗಿತ್ತು ಅಂದರೆ ಏನೂ ಆಗಿರಲಿಲ್ಲ. ಮೊಟ್ಟೆ ಏರಿತ್ತು, ಅಡುಗೆ ಗ್ಯಾಸು ಏರಿತ್ತು, ನೆಲದಲ್ಲಿ ಬೆಳೆದು ಗಿಡದಲ್ಲಿ ತೂಗುವ ಬಾಳೆಕಾಯಿ ಕೂಡ ವಿಮಾನದಲ್ಲಿ ಬಂದ ಹಾಗೆ ಬೆಲೆ ಹೇಳುತ್ತಿತ್ತು. ಶಾಲೆಯ ಕಚೇರಿಯಲ್ಲಿ ಅವಳ ಸಂಬಳ ಮಾತ್ರ ಹೆಡ್‌ಮಾಸ್ಟರರ ಗೋಡೆ ಗಡಿಯಾರದಂತೆ ನಿಂತಲ್ಲೇ ನಿಂತಿತ್ತು. ಏನನ್ನು ಬಿಡುವುದು? ಅನ್ನ ಬಿಡಲಾಗದು, ಕಾಫಿ ಬಿಟ್ಟರೆ ಮನುಷ್ಯರಾಗಿ ಉಳಿಯಲಾಗದು, ಶನಿವಾರ ಗಂಡ ತೆಯೊ ಡಾಮಿನೊ ಆಡುತ್ತ ಕುಡಿಯುವ ಒಂದು ಬಾಟಲಿ ಬಿಯರು ಬಿಡಿಸಿದರೆ ಅವನ ಮುಖ ನೋಡಲಾಗದು. ಹಾಗೆ ಒಂದೊಂದಾಗಿ ಮುಟ್ಟಿ ನೋಡುತ್ತ ಬಂದ ಕೈ ಕೊನೆಗೆ ತನ್ನ ತಲೆಯ ಮೇಲೇ ಬಂದು ಕೂತಿತ್ತು. ಅದೇ ವಾರ ಫಿಯೋರ್‌ಳ ಬಾಗಿಲಲ್ಲಿ ಹಾಳೆಯೊಂದು ಅಂಟಿತ್ತು. ತೊಳೆದು ರೋಲೊ ಹಾಕಿ ಒಣಗಿಸಲು ಮುನ್ನೂರೈವತ್ತು ಪೆಸೊ ಎಂದು ಇದ್ದದ್ದನ್ನು ಹೊಡೆದು ನಾನೂರು, ಅದನ್ನೂ ಹೊಡೆದು ನಾನೂರೈವತ್ತು, ಅದನ್ನೂ ಹೊಡೆದು ಐನೂರು. ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ, ಕ್ಷಮಿಸಿ. ನೆರೈದಾ ಆ ಹಾಳೆಯನ್ನು ರಸ್ತೆಯ ಆಚೆಯಿಂದ ಓದಿ, ಓದಿಯೇ ಇಲ್ಲವೆಂಬಂತೆ ನಡೆದಿದ್ದಳು. ಅಂದಿನಿಂದ ಬಸ್ಸಿಗೆ ಹೋಗುವುದಾದರೆ ಮೂಲೆಯ ಪಾರ್ಲರು ತಪ್ಪಿಸಿ, ಕೋಳಿ ಅಂಕದ ಕಣದ ಹಿಂದಿನ ಓಣಿ ಬಳಸುತ್ತಾಳೆ. ಅಲ್ಲಿ ಹುಂಜಗಳಿಗೆ ಎಣ್ಣೆ ತಿಕ್ಕುವ ಗಂಡಸರು, ಅಕ್ಕಾ, ನಮ್ಮ ಹುಂಜಕ್ಕೂ ಒಂದು ಸ್ಕಾರ್ಫು ಕಟ್ಟಿ ಎಂದು ನಗುತ್ತಾರೆ.

ಯಾಕೆಂದರೆ ಈ ಮೂರು ವಾರ ಅವಳು ಸ್ಕಾರ್ಫು ಕಟ್ಟಿಕೊಂಡೇ ಕಚೇರಿಗೆ ಹೋಗಿದ್ದಳು. ಮೊದಲ ವಾರ ಹೆಡ್‌ಮಾಸ್ಟರರು, ತಲೆನೋವೇನಮ್ಮ ಎಂದರು. ಎರಡನೆಯ ವಾರವೂ ತಲೆನೋವೇನಮ್ಮ ಎಂದರು. ಮೂರನೆಯ ವಾರ ಏನೂ ಅನ್ನಲಿಲ್ಲ, ಆದರೆ ಸಂಬಳದ ಮಾತು ಬಂದಾಗ, ನಮ್ಮ ಹೆಂಗಸರಿಗೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎಂದು ಇಡೀ ಕೋಣೆಗೆ ಕೇಳುವಂತೆ ನಕ್ಕರು. ಜುಟ್ಟಿಗೆ ಮಲ್ಲಿಗೆ ಬೇಡ ಎನ್ನುವವರು ಜುಟ್ಟೇ ಇಲ್ಲದವರು ಎಂದು ಅವಳಿಗೆ ಹೊಳೆದದ್ದು ಮನೆಗೆ ಬಂದು ಬಟ್ಟೆ ನೆನೆಹಾಕುವಾಗ. ಒಳ್ಳೆಯ ಉತ್ತರಗಳೆಲ್ಲ ಅವಳಿಗೆ ಸೋಪಿನ ನೀರಿನಲ್ಲೇ ಹೊಳೆಯುವುದು. ಅವರ ಬೋಳುತಲೆ ನೆನಪಾಗಿ ಒಬ್ಬಳೇ ಎಷ್ಟು ನಕ್ಕಳೆಂದರೆ ಹಿತ್ತಲಿನ ಕೋಳಿಗಳು ಬೆದರಿ ಓಡಿದವು. ನಕ್ಕಮೇಲೆ ಅಳು ಬಂತು. ತೆಯೊ ಊಟಕ್ಕೆ ಬಂದಾಗ ಅವಳ ಕಣ್ಣು ಕೆಂಪಗಿತ್ತು, ಅವನು ಉಪ್ಪು ಕೇಳಿದ. ಮೂರು ವಾರದಲ್ಲಿ ಈ ಮನುಷ್ಯ ಒಂದೇ ಒಂದು ಸಲ ತಲೆಯೆತ್ತಿ ನನ್ನ ತಲೆ ನೋಡಲಿಲ್ಲವಲ್ಲ. ಅವನ ಕಣ್ಣೆಲ್ಲ ಅವನ ಆ ಹಳೆಯ ಬಾಡಿಗೆ ಕಾರಿನ ಮೇಲೆಯೇ. ಅದರ ಬಾಗಿಲಿನ ಕೀರಲು ಗೊತ್ತಾಗುತ್ತದೆ, ಹೆಂಡತಿಯ ಸ್ಕಾರ್ಫು ಗೊತ್ತಾಗುವುದಿಲ್ಲ.

ಇಪ್ಪತ್ತೆರಡನೆಯದು ಕೊನೆಗೂ ನಿಂತಿತು, ಓರೆಯಾಗಿ, ಈಗ ಬಿದ್ದೇನು ಆಮೇಲೆ ಬಿದ್ದೇನು ಎನ್ನುವಂತೆ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನಿನ ಮುಂದೆ ಕೂತು ಯಾರಿಗೂ ಕಾಣದಂತೆ ತಲೆ ಒಣಗಿಸುವುದು ಅವಳ ಲೆಕ್ಕವಾಗಿತ್ತು. ಫ್ಯಾನಿನ ಗುಂಡಿ ಒತ್ತಿದಳು, ರೆಕ್ಕೆ ಎರಡು ಸುತ್ತು ತಿರುಗಿ ಆಕಳಿಸಿ ನಿಂತಿತು. ಬೀದಿಯಿಡೀ ಒಂದೇ ದನಿಯಲ್ಲಿ, ಹೋಯ್ತು ಕರೆಂಟು ಎಂದು ನಿಟ್ಟುಸಿರುಬಿಟ್ಟಿತು. ಒದ್ದೆ ತಲೆ ಹಾಗೇ ಬಿಟ್ಟರೆ ನೆಗಡಿ, ಬಿಚ್ಚಿದರೆ ಮಾಡಿದ್ದೆಲ್ಲ ನೀರುಪಾಲು. ಹಿತ್ತಲಲ್ಲಿ ಮಾವಿನ ಮರದ ನೆರಳು ಒಂದು ಅಂಗುಲ ಬಿಸಿಲನ್ನೂ ಒಳಗೆ ಬಿಡುವುದಿಲ್ಲ. ಬಿಸಿಲಿರುವುದು ಬೀದಿಯ ಬದಿಗೆ ಮಾತ್ರ, ಅಲ್ಲಿ ದೇವರು ಧಾರಾಳವಾಗಿ ಸುರಿದಿದ್ದ. ಅವಳು ಬಾಗಿಲ ಸಂದಿಯಿಂದ ಅತ್ತಿತ್ತ ನೋಡಿದಳು. ಮೂಲೆಯಲ್ಲಿ ಪಾರ್ಲರಿನ ನೀಲಿ ಬಾಗಿಲು ತೆರೆದಿತ್ತು. ಒಂದು ಕಾಲು ಗಂಟೆ, ಯಾರು ನೋಡುತ್ತಾರೆ, ಎಂದುಕೊಂಡು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೊರಗೆ ಬಂದು, ಮೂಲೆಗೆ ಬೆನ್ನು ಮಾಡಿ ಕೂತಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಇದಕ್ಕೇ.

ಬಿಸಿಲು ಕತ್ತಿನ ಮೇಲೆ ಕೈಯಿಟ್ಟಿತು. ಅವಳಿಗೆ ತಟ್ಟನೆ ಫಿಯೋರ್‌ಳ ಹೆಬ್ಬೆರಳುಗಳು ನೆನಪಾದವು. ಎಲ್ಲ ಮುಗಿದ ಮೇಲೆ, ಬೆನ್ನಿನ ಟವೆಲು ತೆಗೆಯುವ ಮುಂಚೆ, ಕತ್ತು ತಲೆಯನ್ನು ಸೇರುವ ಆ ಗುಳಿಯಲ್ಲಿ ಎರಡೂ ಹೆಬ್ಬೆರಳು ಊರಿ ಮೂರು ಸಲ ತಿರುಗಿಸಿ ಒತ್ತುತ್ತಾಳೆ, ಆಮೇಲೆ ಹೆಗಲಿಗೊಂದು ಪೆಟ್ಟು, ಏಳು. ಅದಕ್ಕೆ ಹೆಸರಿಲ್ಲ, ಬೆಲೆಯೂ ಇಲ್ಲ, ಬಾಗಿಲ ಹಾಳೆಯಲ್ಲಿ ಎಂದೂ ಬರೆದಿಲ್ಲ. ಅದು ಕೊಸರು. ಅಂಗಡಿಯಲ್ಲಿ ಅಕ್ಕಿ ತೂಗಿದ ಮೇಲೆ ಇನ್ನೊಂದು ಹಿಡಿ ಹಾಕುತ್ತಾರಲ್ಲ, ಹಾಗೆ. ಈ ಊರಿನಲ್ಲಿ ಕೊಸರು ಕೇಳುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಎಲಿಹಿಯೊನ ಅಂಗಡಿಯಲ್ಲಿ ಹೆಂಗಸರು ಒಂದು ಬೆಳ್ಳುಳ್ಳಿ ಕೊಂಡು ಕೊತ್ತಂಬರಿ ಕೊಸರು ಕೇಳುತ್ತಾರೆ, ಕೊತ್ತಂಬರಿ ಸಿಕ್ಕಮೇಲೆ ಮೆಣಸಿನಕಾಯಿ. ನೆರೈದಾ ಮಾತ್ರ ಜನ್ಮದಲ್ಲಿ ಕೇಳಿಲ್ಲ. ಅಮ್ಮ, ಪರರ ಮನೆಯ ನೆಲ ಒರೆಸಿ ಮಕ್ಕಳನ್ನು ಸಾಕಿದ ಅಮ್ಮ, ಇಸ್ತ್ರಿ ಮಾಡಿದ ಫ್ರಾಕು ತೊಡಿಸಿ ಅಂಗಡಿಗೆ ಕಳಿಸುವಾಗ ಹೇಳುತ್ತಿದ್ದಳು, ಕೊಟ್ಟರೆ ತಗೋ, ಕೇಳಬೇಡ, ಕೇಳಿದವಳ ಕೈಲಿ ಏನಿಲ್ಲ ಅಂತ ಲೋಕಕ್ಕೆ ಗೊತ್ತಾಗುತ್ತೆ. ಫ್ರಾಕಿನ ಗಂಜಿ ಕುತ್ತಿಗೆಗೆ ಚುಚ್ಚುತ್ತಿತ್ತು. ಅವಳಿಗೆ ಐವತ್ತೆರಡು ವರ್ಷವಾದರೂ ಆ ಗಂಜಿ ಇನ್ನೂ ಮೆತ್ತಗಾಗಿರಲಿಲ್ಲ.

"ಏನೇ ನೆರೈದಾ! ತಲೆ ತುಂಬ ರೋಲೊ! ಎಲ್ಲೇ ಪಾರ್ಟಿ ಇವತ್ತು?"

ಎದುರು ಮನೆಯ ಕಸಿಲ್ದಾ ಅಜ್ಜಿ. ಎಂಬತ್ತು ದಾಟಿದೆ, ಬೈಬಲ್ಲು ಓದಲು ಕಣ್ಣು ಕಾಣಿಸುವುದಿಲ್ಲ, ಬೀದಿ ಓದಲು ಕಾಣಿಸುತ್ತದೆ.

"ಎಲ್ಲೂ ಇಲ್ಲ ಅಜ್ಜಿ. ಸುಮ್ನೆ."

"ಸುಮ್ನೆ ಯಾವಳಾದ್ರೂ ಶನಿವಾರ ರೋಲೊ ಹಾಕ್ಕೊಂಡು ಬೀದೀಲಿ ಕೂರ್ತಾಳಾ? ನನ್ ಕಿವಿ ಮೇಲೆ ಹೂ ಇಡ್ಬೇಡ. ಕರಿಯೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು."

ಅದು ನಿಜ. ಶನಿವಾರ ತಲೆಯ ಮೇಲೆ ರೋಲೊ ಹೊತ್ತು ಹೊರಗೆ ಬಂದವಳಿಗೆ ಸಂಜೆ ಎಲ್ಲಿಗೋ ಹೋಗುವುದಿದೆ ಎಂದೇ ಅರ್ಥ. ಹೋಗುವುದಿಲ್ಲದೆ ರೋಲೊ ಹಾಕಿಕೊಂಡರೆ, ಯಾಕೆ ಹಾಕಿಕೊಂಡಳು? ಅದೂ ಬೀದಿಯಲ್ಲಿ ಯಾಕೆ ಒಣಗಿಸುತ್ತಿದ್ದಾಳೆ, ಫಿಯೋರ್ ಹತ್ತಿರ ಯಾಕೆ ಹೋಗಲಿಲ್ಲ? ಒಂದು ಎಳೆ ಹಿಡಿದು ಎಳೆದರೆ ಸಂಬಳದವರೆಗೆ ಬಿಚ್ಚಿಕೊಳ್ಳುತ್ತದೆ. ನೆರೈದಾ ತನ್ನ ಬಾಯಿಂದ ಬಂದದ್ದನ್ನು ತಾನೇ ಬೆರಗಾಗಿ ಕೇಳಿಸಿಕೊಂಡಳು.

"ಹಾಗಲ್ಲ ಅಜ್ಜಿ. ಮನೇಲೇ ಸಣ್ಣದೊಂದು. ತೆಯೊ ಹುಟ್ಟಿದ ಹಬ್ಬ."

ತೆಯೊ ಹುಟ್ಟಿದ್ದು ನವೆಂಬರಿನಲ್ಲಿ. ಇದು ಮೇ ತಿಂಗಳು.

"ಅಯ್ಯೋ ನನ್ ಕಂದ! ಮೊದ್ಲೇ ಹೇಳ್ಬಾರ್ದಾ? ನಾನು ತೊಗರಿಕಾಳಿನ ಅನ್ನ ಮಾಡ್ತೀನಿ, ತೆಂಗಿನ ಹಾಲು ಹಾಕಿ. ಏನೂ ಮಾತಾಡ್ಬೇಡ. ನೀನು ತಲೆ ಒಣಗಿಸ್ಕೋ."

ಅಜ್ಜಿ ಒಳಗೆ ಹೋದಳು. ಒಳಗೆ ಹೋದಳೆಂದರೆ ಹಿತ್ತಲ ಬಾಗಿಲಿಂದ ಹೊರಗೆ ಹೋದಳು. ಹತ್ತು ನಿಮಿಷದಲ್ಲಿ ಎಲಿಹಿಯೊ ಅಂಗಡಿಯ ಮೆಟ್ಟಿಲಿಂದ ಕೂಗಿದ, "ಅಕ್ಕಾ, ಐಸು ಎಷ್ಟು ಚೀಲ ಇಡ್ಲಿ? ಹುಟ್ಟುಹಬ್ಬದ ಐಸು ನನ್ ಕಡೆಯಿಂದ!" ನೆರೈದಾ ಕೈಬೀಸಿದಳು. ಕೈಬೀಸುವುದನ್ನು ಹೌದು ಎಂದೂ ತಿಳಿಯಬಹುದು, ಬೇಡ ಎಂದೂ ತಿಳಿಯಬಹುದು. ಅವನು ಹೌದು ಎಂದೇ ತಿಳಿದ. ತೆಯೊಗೆ ಏನು ಹೇಳುವುದು? ಎದ್ದು ಒಳಗೆ ಓಡಿ ಬಾಗಿಲು ಹಾಕಿಕೊಳ್ಳೋಣ ಎನ್ನುವಷ್ಟರಲ್ಲಿ ಪಕ್ಕದ ಮನೆಯ ಬೆಲ್ಕಿಸ್ ಹೆಗಲ ಮೇಲೆ ಟವೆಲು ಹೊದ್ದು, ಒಂದು ಕೈಯಲ್ಲಿ ಕುರ್ಚಿ ಎಳೆಯುತ್ತ ಬಂದಳು. ಅವಳ ತಲೆಯ ತುಂಬ ರೋಲೊ. ಹಳದಿ ಬಣ್ಣದವು, ಎರಡು ಮಾತ್ರ ರೋಲೊ ಅಲ್ಲ, ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆ.

"ಹಾಗೆ ನೋಡ್ಬೇಡ ಕಣೇ," ಎಂದಳು ಬೆಲ್ಕಿಸ್. "ಪಾರ್ಟಿ ಅಂತ ಈಗ ಹೇಳಿದ್ರೆ ನಾನೇನ್ ಮಾಡ್ಲಿ."

"ನೀನು ನಿನ್ನೆ ಫಿಯೋರ್ ಹತ್ರ ಹೋಗಿದ್ದೆ ಅಂದೆ?"

"ನೀನು ತಂಗಿ ಮನೆಗೆ ಹೋಗಿದ್ದೆ ಅಂದೆ," ಎಂದು ಬೆಲ್ಕಿಸ್ ಕುರ್ಚಿ ಹಾಕಿ ಕೂತಳು. "ಗೋಡೆ ತೆಳ್ಳಗಿದೆ ಮಾರಾಯ್ತಿ. ನಿನ್ ಕಾಫಿ ಕುದಿಯೋದು ನಂಗೆ ಕೇಳ್ಸುತ್ತೆ."

ಆಮೇಲೆ ಒಬ್ಬೊಬ್ಬರಾಗಿ ಬಂದರು. ಟೈಲರಿಂಗಿನವಳು ಬಂದಳು, ಲಾಟರಿ ಗೂಡಂಗಡಿಯವಳು ಬಂದಳು, ಚರ್ಚಿನಲ್ಲಿ ಹಾಡುವ ಅಕ್ಕತಂಗಿಯರಿಬ್ಬರು ಒಂದೇ ಸೆಟ್ಟನ್ನು ಹಂಚಿಕೊಂಡು ಅರ್ಧರ್ಧ ತಲೆಗೆ ಹಾಕಿಕೊಂಡು ಬಂದರು. ಕರೆಂಟಿಲ್ಲ, ಬಿಸಿಲು ಈ ಬದಿಗೇ ಇದೆ, ಪಾರ್ಟಿ ಇಲ್ಲೇ ಇದೆ. ಒಂದು ಗಂಟೆಯಲ್ಲಿ ನೆರೈದಾಳ ಗೋಡೆಯುದ್ದಕ್ಕೂ ಆರು ಕುರ್ಚಿ, ಆರು ತಲೆ, ಕೆಂಪು ಹಳದಿ ನೀಲಿ ಹಸಿರು. ಪ್ರತಿಯೊಬ್ಬಳೂ ಉಳಿದವರೆಲ್ಲ ಫಿಯೋರ್ ಹತ್ತಿರ ಹೋಗುತ್ತಿದ್ದಾರೆ, ತಾನೊಬ್ಬಳೇ ಕದ್ದು ಮನೆಯಲ್ಲಿ ಹಾಕಿಕೊಳ್ಳುತ್ತಿದ್ದೇನೆ ಎಂದು ನಾಚಿ ಸತ್ತಿದ್ದಳು. ಒಬ್ಬಳು ಮಂಚದ ಕೆಳಗೆ ಅಡಗಿಸಿದ್ದಳು, ಒಬ್ಬಳು ಅಕ್ಕಿ ಡಬ್ಬದಲ್ಲಿ. ಅಕ್ಕತಂಗಿಯರಲ್ಲಿ ಚಿಕ್ಕವಳು, ಗಂಡನಿಗೆ ಗೊತ್ತಾಗದಂತೆ ಹಾಕಿಕೊಳ್ಳಲು ಹೋಗಿ ಅವನು ಒಳಗೆ ಬಂದಾಗ ತಲೆಗೆ ಪಾತ್ರೆ ಕವಿಚಿಕೊಂಡ ಕಥೆ ಹೇಳಿದಳು. ಬೀದಿ ನಗುವಿನಿಂದ ತುಂಬಿಹೋಯಿತು. ನೆರೈದಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನಗುವಿನ ನಡುವೆಯೇ ತಣ್ಣಗಾದಳು. ಆರು ಜನ. ಬೀದಿಯಲ್ಲಿ ತಲೆಗೂದಲಿರುವ ಹೆಂಗಸರೆಲ್ಲ ಇಲ್ಲೇ ಇದ್ದಾರೆ. ಹಾಗಾದರೆ ನಾಲ್ಕು ಶನಿವಾರ ಅಲ್ಲಿ ಯಾರು? ತನ್ನ ಒಂದು ಕುರ್ಚಿ ಖಾಲಿಯಾದರೆ ಏನು, ಇನ್ನೊಬ್ಬಳು ಕೂರುತ್ತಾಳೆ ಎಂದು ರಾತ್ರಿಗಳಲ್ಲಿ ಸಮಾಧಾನ ಹೇಳಿಕೊಂಡಿದ್ದಳು. ಹಾಗೆ ಎಲ್ಲರೂ ಹೇಳಿಕೊಂಡಿದ್ದರು. ನೀಲಿ ಬಾಗಿಲನ್ನು ಬೆಳಿಗ್ಗೆ ತೆರೆದು, ಗುಲಾಬಿ ರೋಲೊಗಳನ್ನು ತೊಳೆದು ಸಾಲಾಗಿಟ್ಟು, ಕಾಫಿ ಇಟ್ಟು, ಫಿಯೋರ್ ಕಿಟಕಿ ಪಕ್ಕದ ಕುರ್ಚಿ ನೋಡುತ್ತ ಕೂತ ಚಿತ್ರ ಕಣ್ಣಿಗೆ ಕಟ್ಟಿತು. ನನ್ನ ಮಗಳ ಜ್ಞಾನಸ್ನಾನದ ದಿನ ನನ್ನ ತಲೆ ಬಾಚಿದವಳು, ಜ್ಞಾನತಾಯಿ ಆಗಬೇಕಿದ್ದ ಹೆಂಗಸು ಬರದಿದ್ದಾಗ ಬಾಚಣಿಗೆ ಜೇಬಿಗಿಟ್ಟು ಮಗುವನ್ನು ಎತ್ತಿಕೊಂಡು ನಿಂತವಳು. ಅಂದಿನಿಂದ ಒಬ್ಬರನ್ನೊಬ್ಬರು ಕೊಮಾಯ್, ಜೊತೆತಾಯಿ, ಎಂದು ಕರೆಯುತ್ತೇವೆ, ರಕ್ತ ಸಂಬಂಧಕ್ಕಿಂತ ಒಂದು ಕೂದಲೆಳೆ ಹೆಚ್ಚು. ಅಂಥವಳಿಗೆ ನಾನು ಜ್ವರ ಎಂದೆ.

"ಬಂದ್ಲು," ಎಂದಳು ಬೆಲ್ಕಿಸ್, ತುಟಿ ಅಲುಗಿಸದೆ.

ಮೂಲೆಯಿಂದ ಫಿಯೋರ್ ಬರುತ್ತಿದ್ದಳು. ಏಪ್ರನ್ನಿನ ಜೇಬಿನಲ್ಲಿ ಬಾಲದ ಬಾಚಣಿಗೆ, ಕಾಲಲ್ಲಿ ಪಟಪಟ ಸದ್ದಿನ ರಬ್ಬರ್ ಚಪ್ಪಲಿ. ಹಬ್ಬದ ಸುದ್ದಿ ಎಲ್ಲರ ಮನೆಗೂ ಹೋಗಿ ಕೊನೆಗೆ ಅವಳ ಮನೆಗೂ ಹೋಗಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಆರೂ ಜನರ ಕೈ ತಂತಮ್ಮ ತಲೆಗೆ ಹೋಯಿತು. ಫಿಯೋರ್ ಐದು ತಲೆಗಳನ್ನು ಗೋಡೆಗೆ ಅಂಟಿದ ಹೂಕುಂಡಗಳಂತೆ ದಾಟಿ ನೇರ ನೆರೈದಾಳ ಮುಂದೆ ನಿಂತಳು. ಅವಳ ಮುಖ ಗುರುತು ಸಿಗದಷ್ಟು ಗಂಭೀರವಾಗಿತ್ತು. ಕೂದಲ ಬುಡದಲ್ಲಿ ಒಂದು ಬೆರಳಷ್ಟು ಬಿಳಿ, ಉಗುರಿನ ಬಣ್ಣ ಅರ್ಧ ಎದ್ದುಹೋಗಿತ್ತು. ಇದನ್ನೆಲ್ಲ ನೆರೈದಾ ಯಾಕೋ ಆ ಹೊತ್ತಿನಲ್ಲೇ ಕಂಡಳು.

"ಯಾರವಳು?" ಎಂದಳು ಫಿಯೋರ್.

"ಯಾರು ಯಾರವಳು?"

"ಇದನ್ನ ಹಾಕಿದವಳು. ಮಾರ್ಕೆಟ್ ಹತ್ರ ಗಾಜಿನ ಬಾಗಿಲು ಹಾಕ್ಕೊಂಡು ಹೊಸದಾಗಿ ಕೂತಿದಾಳಲ್ಲ, ಅವಳಾ? ಅವಳೇ ಇರ್ಬೇಕು. ಹೇಳು ಕೊಮಾಯ್, ಹತ್ತೊಂಬತ್ತು ವರ್ಷ ಆಯ್ತು, ಒಂದು ಮಾತು ಹೇಳ್ಬಿಟ್ಟು ಹೋಗಿದ್ರೆ ನಾನೇನ್ ಕೂದ್ಲು ಹಿಡ್ಕೊಂಡು ಎಳೀತಿದ್ನಾ? ಜ್ವರ ಅಂದೆ. ಶುಂಠಿ ಕಷಾಯ ಮಾಡ್ಕೊಂಡು ನಿನ್ ಬಾಗಿಲಿಗೆ ಬಂದೆ. ನೀನು ಹಿತ್ತಲಲ್ಲಿ ಹಾಡ್ತಾ ಇದ್ದೆ."

ಬಿಸಿಲು ತಲೆಯ ಮೇಲಿದ್ದರೂ ನೆರೈದಾಳಿಗೆ ಮೈ ಕೊರೆಯಿತು. ಹಾಡುತ್ತಿದ್ದೆನೆ? ಯಾವ ಹಾಡು? ಬಟ್ಟೆ ಒಗೆಯುತ್ತ ಹಾಡುವುದು ಅವಳಿಗೆ ಉಸಿರಾಡುವುದರಂತೆ, ನೆನಪಿರುವುದಿಲ್ಲ. ಬಾಗಿಲಾಚೆ ಬಿಸಿ ಪಾತ್ರೆಯನ್ನು ಸೆರಗಿನಂತೆ ಏಪ್ರನ್ನಿನಲ್ಲಿ ಹಿಡಿದು ನಿಂತು, ಆ ಹಾಡು ಕೇಳಿ, ಹಾಗೇ ತಿರುಗಿ ಹೋಗಿದ್ದಳು ಫಿಯೋರ್.

"ಯಾರೂ ಅಲ್ಲ," ಎಂದಳು. "ನಾನೇ ಹಾಕ್ಕೊಂಡೆ."

"ಸುಳ್ಳು."

"ದೇವರಾಣೆ."

"ತಿರುಗು."

ನೆರೈದಾ ತಿರುಗಿದಳು. ಕತ್ತು ತಗ್ಗಿಸಿದಳು, ಅಭ್ಯಾಸ. ಫಿಯೋರ್‌ಳ ಉಸಿರು ಹಿಂದಲೆಗೆ ತಾಗಿತು. ಒಂದು ಬೆರಳು ಒಂದೊಂದೇ ರೋಲೊ ಮುಟ್ಟುತ್ತ ಕೆಳಗಿಳಿಯಿತು, ಸಾಲು ಹಿಡಿದು ಮಗ್ಗಿ ತಿದ್ದುವ ಮೇಷ್ಟರಂತೆ. ಇಪ್ಪತ್ತೆರಡನೆಯದನ್ನು ಮುಟ್ಟಿತೋ ಇಲ್ಲವೋ, ಅದು ಕಳಚಿ ನೆಲಕ್ಕೆ ಬಿದ್ದು ಉರುಳುತ್ತ ಚರಂಡಿಯ ಅಂಚಿಗೆ ಹೋಗಿ ನಿಂತಿತು.

"ತಲೆಕೆಳಗೆ," ಎಂದಳು ಫಿಯೋರ್ ಮೆಲ್ಲಗೆ. ಆಮೇಲೆ ಜೋರಾಗಿ, "ಹಿಂದಿನ ಸಾಲೆಲ್ಲ ತಲೆಕೆಳಗೆ! ಪಿನ್ನು ನೋಡ್ರೇ, ಪಿನ್ನು! ಬೇಲಿಗೆ ಮುಳ್ಳು ಚುಚ್ಚಿದ ಹಾಗೆ! ಇಷ್ಟು ದರಿದ್ರವಾಗಿ ದುಡ್ಡು ತಗೊಂಡು ಯಾವಳೂ ಹಾಕಲ್ಲ. ಗಾಜಿನ ಬಾಗಿಲಿನವಳೂ ಹಾಕಲ್ಲ! ಇದು ನೀನೇ! ನಿನ್ ಕೈಯಿಂದ್ಲೇ ಆಗೋ ಕೆಲ್ಸ ಇದು!"

ಹೇಳುತ್ತ ಹೇಳುತ್ತಲೇ ಅವಳು ನೆರೈದಾಳನ್ನು ತನ್ನತ್ತ ತಿರುಗಿಸಿ ತಲೆಯನ್ನು, ರೋಲೊ ಪಿನ್ನುಗಳ ಸಮೇತ, ತನ್ನ ಹೊಟ್ಟೆಗೆ ಅವುಚಿಕೊಂಡಳು. ಪಿನ್ನೊಂದು ಕಿವಿಗೆ ಚುಚ್ಚಿತು. ಚುಚ್ಚಲಿ. ಏಪ್ರನ್ನಿನ ಶಾಂಪೂ ವಾಸನೆ, ಕಾಫಿಯ ವಾಸನೆ, ಸುಟ್ಟ ಕೂದಲಿನ ಹಳೆಯ ವಾಸನೆ. ನೆರೈದಾ ಆ ಕತ್ತಲೆಯೊಳಗಿಂದಲೇ, ಮುಖ ಎತ್ತದೆ, ನಾಲ್ಕು ವಾರ ನಾಲಿಗೆಯ ಕೆಳಗಿಟ್ಟುಕೊಂಡದ್ದನ್ನು ಹೇಳಿದಳು.

"ದುಡ್ಡು ಸಾಲ್ತಿಲ್ಲ ಕೊಮಾಯ್."

ಹೇಳಿ ಕಾದಳು. ಆಕಾಶ ಬೀಳಲಿಲ್ಲ. ಎಲಿಹಿಯೊನ ಅಂಗಡಿಯ ಗಿಳಿ ಎಂದಿನಂತೆ ಕೂಗಿತು.

"ನಂಗೂ ಅಷ್ಟೆ," ಎಂದಳು ಬೆಲ್ಕಿಸ್.

"ನಮ್ಗೂ," ಎಂದರು ಅಕ್ಕತಂಗಿಯರು ಒಟ್ಟಿಗೆ, ಚರ್ಚಿನಲ್ಲಿ ಹಾಡುವ ಶ್ರುತಿಯಲ್ಲೇ.

"ನಂಗೆ ಮಾತ್ರ ಸಾಲತ್ತಾ?" ಎಂದು ಫಿಯೋರ್ ಕಣ್ಣೊರೆಸಿಕೊಂಡು ಎಲ್ಲರ ಮೇಲೂ ಹರಿಹಾಯ್ದಳು. "ಆ ಹಾಳೆ ಬರ್ದು ಬಾಗಿಲಿಗೆ ಅಂಟಿಸೋಕೆ ನಂಗೆ ಮೂರು ದಿನ ಹಿಡೀತು. ಪ್ರತಿ ಸಲ ಹೊಡೆದು ಬರೆಯೋವಾಗ್ಲೂ ನಿಮ್ಮೊಬ್ಬೊಬ್ಬರ ಮುಖ ನೆನಪಾಗ್ತಿತ್ತು. ಒಬ್ಳಾದ್ರೂ ಬಂದು ಬೈದ್ರಾ? ಇಲ್ಲ. ಮರ್ಯಾದಸ್ತರು. ಮನೇಲಿ ರೋಲೊ ಬಚ್ಚಿಟ್ಕೊಳ್ಳೋ ಮರ್ಯಾದಸ್ತರು. ಕೇಳಿಸ್ಕೊಳ್ಳಿ. ದುಡ್ಡಿದ್ದಾಗ ತಿಂಗಳಿಗೊಂದ್ಸಲ ನನ್ ಕೈಯಲ್ಲಿ ಹಾಕಿಸ್ಕೊಳ್ಳಿ. ಮಿಕ್ಕ ಶನಿವಾರ ನಿಮ್ ನಿಮ್ ರೋಲೊ ತಗೊಂಡು ಬಂದು ನಿಮ್ ನಿಮ್ ಕುರ್ಚೀಲಿ ಕೂತ್ಕೊಂಡು ನೀವೇ ಹಾಕ್ಕೊಳ್ಳಿ, ನಾನು ನಿಂತ್ಕೊಂಡು ಬೈತೀನಿ. ಬೈಯೋದಕ್ಕೆ ಹಾಳೇಲಿ ರೇಟಿಲ್ಲ."

"ಕಾಫಿ?" ಎಂದಳು ಲಾಟರಿಯವಳು.

"ಸಕ್ಕರೆ ನೀನು ತಾ."

ಅಲ್ಲೇ, ಬೀದಿಯಲ್ಲೇ, ಅವಳು ನೆರೈದಾಳ ಹಿಂದಿನ ಸಾಲನ್ನೆಲ್ಲ ಬಿಚ್ಚಿ ಹೊಸದಾಗಿ ಸುತ್ತತೊಡಗಿದಳು. ಬೆಲ್ಕಿಸ್ ಹಿಂದೆ ಒಂದು ಕನ್ನಡಿ ಹಿಡಿದಳು, ನೆರೈದಾ ಮುಂದೆ ಇನ್ನೊಂದು ಹಿಡಿದು, ಆ ಬೆರಳುಗಳು ಎಳೆಯನ್ನು ಎತ್ತುವುದು, ಬಾಚುವುದು, ತುದಿಯಿಂದ ಒಳಕ್ಕೆ ಉರುಳಿಸುವುದು ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಇದನ್ನು ನೋಡಿರಲೇ ಇಲ್ಲ, ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ಕರೆಂಟು ಬಂತು. ಬಂತು ಬಂತು ಎಂದು ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು, ಎಲಿಹಿಯೊನ ರೇಡಿಯೊ ಒಂದು ಹಾಡಿನ ಅರ್ಧದಿಂದ ಶುರುವಾಯಿತು. ಒಣಗಿಸುವ ಯಂತ್ರಕ್ಕೆ ಹೋಗೋಣ ಎಂದು ಯಾರೂ ಏಳಲಿಲ್ಲ. ಕಸಿಲ್ದಾ ಅಜ್ಜಿಯ ತೊಗರಿಕಾಳಿನ ಅನ್ನ ಬಂತು, ಯಾರೋ ಬಾಳೆಕಾಯಿ ಕರಿದು ತಂದರು, ಟೈಲರಿಂಗಿನವಳು ಉಳಿದ ಬಟ್ಟೆಯ ತುಂಡುಗಳನ್ನು ದಾರಕ್ಕೆ ಕಟ್ಟಿ ತೋರಣ ಮಾಡಿದಳು. ಇಲ್ಲದ ಹುಟ್ಟುಹಬ್ಬ ಇರುವ ಹುಟ್ಟುಹಬ್ಬಗಳನ್ನೆಲ್ಲ ನಾಚಿಸುವಂತೆ ಬೆಳೆಯುತ್ತಿತ್ತು. ನೆರೈದಾ ಒಂದು ಸಲ ಬಾಯಿಬಿಟ್ಟಳು, "ಕೇಳ್ರೇ, ತೆಯೊ ಹುಟ್ಟಿದ್ದು..." ಎಂದು. "ನವೆಂಬರಲ್ಲಿ, ಗೊತ್ತು," ಎಂದಳು ಅಜ್ಜಿ. "ಅವನನ್ನ ಹೆತ್ತಾಗ ಬಿಸಿನೀರು ಕಾಯಿಸಿದ್ದು ನಾನೇ. ತಟ್ಟೆ ಇಡು."

ಐದು ಗಂಟೆಗೆ ತೆಯೊನ ಕಾರು ಕೀರಲು ಸದ್ದಿನೊಂದಿಗೆ ಮೂಲೆ ತಿರುಗಿತು. ಅವನು ಇಳಿಯುತ್ತಿದ್ದಂತೆ ಇಡೀ ಬೀದಿ ಹುಟ್ಟುಹಬ್ಬದ ಹಾಡು ಹಾಡಿತು. ತೆಯೊ ಹಿಂದೆ ತಿರುಗಿ ನೋಡಿದ, ಹಿಂದೆ ಯಾರೂ ಇರಲಿಲ್ಲ. ಹಾಡು ಮುಗಿಯುವವರೆಗೆ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದ. ಎಂಥ ಒಳ್ಳೆಯ ಮನುಷ್ಯ, ಒಂದೇ ಒಂದು ಪ್ರಶ್ನೆ ಕೇಳಿದ.

"ನಂಗೀಗ ಎಷ್ಟು ವಯಸ್ಸು?"

"ಕೇಳ್ಬೇಡ ಕಣೋ," ಎಂದಳು ಫಿಯೋರ್. "ಅದೂ ಏರಿದೆ."

ನಗು ಇಳಿದ ಮೇಲೆ ಅವನು ಹೆಂಡತಿಯ ಹತ್ತಿರ ಬಂದು, ಯಾರಿಗೂ ಕೇಳದಂತೆ ಬಗ್ಗಿದ. "ಆ ಸ್ಕಾರ್ಫು ಬಿಟ್ಯಲ್ಲ, ಸದ್ಯ. ಮೂರು ವಾರ ಆಯ್ತು. ಕೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ." ಬಗ್ಗಿದವನ ತಲೆ ಅವಳ ಕಣ್ಣಿನ ಮಟ್ಟದಲ್ಲಿತ್ತು. ಅವನ ಕಿವಿಯ ಮೇಲೆ ಕೂದಲು ಇಳಿಬಿದ್ದಿತ್ತು, ಕತ್ತಿನಲ್ಲಿ ಹುಲ್ಲಿನಂತೆ ಬೆಳೆದಿತ್ತು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಕ್ಷೌರ ಮಾಡಿಸುತ್ತಿದ್ದವನು ಯಾವಾಗ ಬಿಟ್ಟ? ಒಂದು ತಿಂಗಳಾಗಿರಬೇಕು, ಎರಡಾಗಿರಬೇಕು. ದಿನವೂ ಎದುರಿಗೇ ಕೂತು ಉಣ್ಣುವವನ ತಲೆಯನ್ನು ಅವಳೂ ನೋಡಿರಲಿಲ್ಲ. ಅವಳು ಕೈಯೆತ್ತಿ ಆ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ಅವನು ನಾಚಿ ಐಸಿನ ಡಬ್ಬದ ಕಡೆ ಹೋದ.

"ಅಲ್ಲಾಡ್ಬೇಡ," ಎಂದಳು ಫಿಯೋರ್, ಮತ್ತು ಒಂದೊಂದಾಗಿ ರೋಲೊ ಬಿಚ್ಚಿದಳು. ಬಿಸಿಲಿನ ಬಿಸಿ ಇನ್ನೂ ಅಂಟಿಕೊಂಡಿದ್ದ ಕೂದಲು ಹೆಗಲ ಮೇಲೆ ಸುರಿಯಿತು, ಹೆಗಲಿಂದ ಬೆನ್ನಿಗೆ. ಅಕ್ಕತಂಗಿಯರು ಓಹೋ ಎಂದರು. ಫಿಯೋರ್ ಬಾಚಿದಳು, ಸುತ್ತ ನಡೆದು ನೋಡಿದಳು, ಹಣೆಯ ಹತ್ತಿರದ ಒಂದೆಳೆ ಸರಿಮಾಡಿದಳು, ಬೆನ್ನಿನ ಟವೆಲಿಗೆ ಕೈ ಹಾಕಿದಳು. ಕೈ ಹಾಕಿದವಳು ಬೆಲ್ಕಿಸಳ ರಟ್ಟಿನ ಕೊಳವೆಗಳು ಕಣ್ಣಿಗೆ ಬಿದ್ದು, "ಅಯ್ಯೋ ನಿನ್ ಮನೆ ಹಾಳಾಗ, ಇದೇನೇ ಇದು!" ಎಂದು ಆ ಕಡೆ ತಿರುಗಿದಳು.

ನೆರೈದಾ ಕತ್ತು ತಗ್ಗಿಸಿಕೊಂಡೇ ಕೂತಿದ್ದಳು. ಎದುರು ನೆಲದ ಮೇಲೆ ಅವಳ ನೆರಳಿತ್ತು, ಚೆಂದದ ತಲೆಯ ನೆರಳು. ನಾಲ್ಕು ವಾರ ಅವಳು ಕಳೆದುಕೊಂಡು ಅತ್ತದ್ದು ಈ ಕೂದಲಿಗಾಗಿ ಎಂದುಕೊಂಡಿದ್ದಳು. ಏಳಬಹುದಿತ್ತು. ಎಲ್ಲರೂ ಊಟಕ್ಕೆ ಕರೆಯುತ್ತಿದ್ದರು. ಕೊಟ್ಟರೆ ತಗೋ, ಕೇಳಬೇಡ. ಗಂಜಿ ಹಾಕಿದ ಫ್ರಾಕಿನ ಕಾಲರು ಕುತ್ತಿಗೆಗೆ ಒಂದು ಸಲ ಚುಚ್ಚಿತು.

"ಕೊಮಾಯ್," ಎಂದಳು.

"ಏನೇ?"

"ನನ್ ಕೊಸರು?"

ಫಿಯೋರ್ ಕೈಯಲ್ಲಿದ್ದ ರಟ್ಟಿನ ಕೊಳವೆಯನ್ನು ಹಾಗೇ ಬಿಟ್ಟಳು. ಆಮೇಲೆ ಏಪ್ರನ್ನಿಗೆ ಎರಡೂ ಕೈ ಒರೆಸಿಕೊಂಡು ಬಂದು ಅವಳ ಹಿಂದೆ ನಿಂತಳು.

"ನೆಟ್ಟಗೆ ಕೂತ್ಕೊ," ಎಂದಳು. "ನಾಲ್ಕು ವಾರದ್ದು ಬಾಕಿ ಇದೆ."